ಚೋಕ್ ಅಪ್: ಅಳು ಗಂಟಲಲ್ಲೇ ನಿಂತಾಗ

ಅಳುವಿಗೆ ಸಂಬಂಧಪಟ್ಟ ಫ್ರೇಸಲ್ ವರ್ಬ್‌ಗಳು, ಅಂದರೆ ಅಪ್, ಡೌನ್ ಥರದ ಪುಟ್ಟ ಪದ ಅಂಟಿಕೊಂಡು ಬೇರೆಯೇ ಅರ್ಥ ಕೊಡುವ ಕ್ರಿಯಾಪದಗಳು, ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಕಣ್ಣಲ್ಲಿ ನೀರು ತುಂಬಿಕೊಂಡರೆ ವೆಲ್ ಅಪ್, ಇಲ್ಲವೇ ಟಿಯರ್ ಅಪ್. ತಡೆಯಲಾಗದೆ ಅತ್ತುಬಿಟ್ಟರೆ ಬ್ರೇಕ್ ಡೌನ್. ಇವೆರಡರ ನಡುವೆ ಒಂದಿದೆ, ಚೋಕ್ ಅಪ್. ಇವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಪತ್ರಿಕೆಯವರು, ಟಿವಿಯವರು ಅತಿ ಹೆಚ್ಚು ಅನ್ಯಾಯ ಮಾಡುವುದೂ ಇದಕ್ಕೇ.

ಮಾತಾಡುತ್ತಾ ಇರುವಾಗ ದುಃಖವೋ ಸಂತೋಷವೋ ಯಾರದೋ ಋಣದ ನೆನಪೋ ಉಕ್ಕಿ ಬರುತ್ತದೆ, ಗಂಟಲು ಕಟ್ಟುತ್ತದೆ, ಮುಂದಿನ ಮಾತು ಹೊರಡುವುದಿಲ್ಲ. ಅದು ಚೋಕ್ ಅಪ್. ನಮ್ಮಲ್ಲಿ ಗಂಟಲ ಸೆರೆ ಉಬ್ಬಿ ಬಂತು ಅಂತೀವಲ್ಲ, ಅದೇ. ಕಣ್ಣೀರು ಬರಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಬರುವುದೇ ಇಲ್ಲ. ಆ ಹೊತ್ತಿನಲ್ಲಿ ಆ ಮನುಷ್ಯ ಅಳುತ್ತಿರುವುದಿಲ್ಲ, ಅಳಬಾರದು ಅಂತ ಹೆಣಗುತ್ತಿರುತ್ತಾನೆ. ನಾನು ಇಷ್ಟುದ್ದ ಬರೆಯಲು ಹೊರಟಿರುವುದು ಈ ಒಂದು ಮಾತಿಗಾಗಿ. ಹೆಣಗುವವರನ್ನು ಅತ್ತರು ಅಂತ ಬರೆದರೆ ಅವರು ಪಟ್ಟ ಪಾಡನ್ನೇ ಅಳಿಸಿಹಾಕಿದ ಹಾಗೆ.

ನಾನು ಸಬ್‌ಟೈಟಲ್ ಕೆಲಸ ಮಾಡುವವಳು. ಇಂಗ್ಲಿಷ್ ಸಂದರ್ಶನಗಳಿಗೆ ಕನ್ನಡದಲ್ಲಿ, ಕನ್ನಡದವಕ್ಕೆ ಇಂಗ್ಲಿಷಿನಲ್ಲಿ. ಕಿವಿ ಕೇಳದವರಿಗಾಗಿ ಮಾಡುವ ಕ್ಯಾಪ್ಷನ್‌ಗಳಲ್ಲಿ ಮಾತಿನ ಜೊತೆ ಸದ್ದುಗಳನ್ನೂ ಚೌಕ ಕಂಸದೊಳಗೆ ಬರೆಯಬೇಕು. ಬಾಗಿಲು ಬಡಿದ ಸದ್ದು, ನಿಟ್ಟುಸಿರು, ಬಿಕ್ಕು. ಪರದೆಯ ಕೆಳಗಡೆ ಧ್ವನಿಯ ಗೆರೆ ಓಡುತ್ತಾ ಇರುತ್ತದೆ, ಮಾತಿದ್ದಲ್ಲಿ ಏರುತ್ತದೆ, ಮಾತಿಲ್ಲದಲ್ಲಿ ಮಟ್ಟಸವಾಗುತ್ತದೆ. ಬಿಕ್ಕಿ ಬಿಕ್ಕಿ ಅಳುವಾಗ ಆ ಗೆರೆ ತುಂಬಾ ಗಲಾಟೆ ಮಾಡುತ್ತದೆ. ಗಂಟಲು ಕಟ್ಟಿದಾಗ ಹಾಗಲ್ಲ. ಒಂದು ಪದದ ಅರ್ಧದಲ್ಲೇ ಗೆರೆ ಇಳಿದುಹೋಗುತ್ತದೆ. ಆಮೇಲೆ ಬರೀ ನೇರ. ನಡುವೆ ಚಿಕ್ಕದೊಂದು ಮೊನೆ ಕಾಣುತ್ತದೆ, ಅದು ಮೂಗಿನಿಂದ ಎಳೆದುಕೊಂಡ ಉಸಿರು. ಮತ್ತೆ ಇನ್ನೂ ಚಿಕ್ಕದು, ಉಗುಳು ನುಂಗಿದ ಸದ್ದು. ಆಮೇಲೆ ಮಾತು ಮತ್ತೆ ಶುರು, ಆದರೆ ಮೊದಲಿಗಿಂತ ತುಸು ಏರಿದ ಸ್ವರದಲ್ಲಿ, ತೆಳ್ಳಗೆ. ಹೆಡ್‌ಫೋನ್ ಹಾಕಿಕೊಂಡು ಕೇಳುವವರಿಗೆ ಈ ಎರಡರ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ.

ದೇಹದೊಳಗೆ ಏನಾಗುತ್ತದೆ ಅನ್ನುವುದೂ ಇದಕ್ಕೆ ಸರಿಯಾಗಿಯೇ ಇದೆ. ಭಾವನೆ ಉಕ್ಕಿದಾಗ ದೇಹಕ್ಕೆ ಜಾಸ್ತಿ ಗಾಳಿ ಬೇಕು. ಆಗ ಧ್ವನಿಪೆಟ್ಟಿಗೆಯ ಬಾಯಿ, ಗ್ಲಾಟಿಸ್ ಅನ್ನುವುದು, ಅಗಲವಾಗಿ ತೆರೆದುಕೊಳ್ಳುತ್ತದೆ. ಆದರೆ ಉಗುಳು ನುಂಗಬೇಕಾದರೆ ಅದು ಮುಚ್ಚಬೇಕು, ಇಲ್ಲದಿದ್ದರೆ ನುಂಗಿದ್ದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಾತಾಡಬೇಕಾದರೂ ಧ್ವನಿತಂತುಗಳು ಒಂದರ ಹತ್ತಿರ ಒಂದು ಬರಬೇಕು. ಒಂದು ಕಡೆ ತೆರೆ ಅನ್ನುವ ಒತ್ತಾಯ, ಇನ್ನೊಂದು ಕಡೆ ಮುಚ್ಚು ಅನ್ನುವ ಒತ್ತಾಯ. ಆ ಎಳೆದಾಟವೇ ನಮಗೆ ಗಂಟಲಲ್ಲಿ ಗಂಟು ಸಿಕ್ಕಿಕೊಂಡ ಹಾಗೆ ಅನ್ನಿಸುವುದು ಅಂತ ವಿವರಿಸುತ್ತಾರೆ. ವೈದ್ಯರ ಭಾಷೆಯಲ್ಲಿ ಆ ಗಂಟಿನ ಅನುಭವಕ್ಕೆ ಗ್ಲೋಬಸ್ ಅಂತ ಹೆಸರು, ಲ್ಯಾಟಿನ್‌ನಲ್ಲಿ ಉಂಡೆ ಅಂತ ಅರ್ಥ. ಅಲ್ಲಿ ನಿಜವಾಗಿ ಯಾವ ಉಂಡೆಯೂ ಇರುವುದಿಲ್ಲ.

ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯ ಅನ್ನಿಸುತ್ತದೆ. ನಾವು ಬೇಕೆಂದು ಆಡುವ ಮಾತಿಗೆ ಅಪ್ಪಣೆ ಹೋಗುವುದು ಮಿದುಳಿನ ಹೊರಪದರದಿಂದ. ಅಳು, ನಗು, ಕಿರುಚಾಟಕ್ಕೆ ಮಿದುಳಿನ ನಡುಭಾಗದ ಹಳೆಯ ದಾರಿಯೊಂದಿದೆ. ಎರಡೂ ಬಂದು ಸೇರುವುದು ಅದೇ ಗಂಟಲಿಗೆ, ಅದೇ ಸ್ನಾಯುಗಳಿಗೆ. ಹಾಗಾಗಿ ಒಬ್ಬರಿಗೆ ಗಂಟಲು ಕಟ್ಟಿದೆ ಅಂದರೆ ಅವರು ಇನ್ನೂ ಮಾತಾಡಲು ಪ್ರಯತ್ನಪಡುತ್ತಿದ್ದಾರೆ ಅಂತಲೇ ಅರ್ಥ. ಮಾತಿನ ಆಸೆ ಬಿಟ್ಟವರಿಗೆ ಈ ಎಳೆದಾಟ ಇಲ್ಲ, ಅವರು ಸುಮ್ನೆ ಅಳುತ್ತಾರೆ. ಒಬ್ಬರೇ ಕೂತು ಅಳುವವರನ್ನು ಇಂಗ್ಲಿಷಿನವರು ಚೋಕ್ ಅಪ್ ಆದರು ಅನ್ನುವುದು ಕಡಿಮೆ. ಹೆಚ್ಚಾಗಿ ಎದುರಿಗೆ ಯಾರೋ ಇರುತ್ತಾರೆ, ಹೇಳಲೇಬೇಕಾದದ್ದು ಏನೋ ಇರುತ್ತದೆ.

ಈಗ ಬಳಕೆಯ ವಿಷಯ. ಚೋಕ್ ಅನ್ನುವುದು ಕನ್ನಡಿಗರಿಗೆ ಹೊಸ ಶಬ್ದವೇನಲ್ಲ. ಅಡುಗೆಮನೆ ಸಿಂಕ್ ಚೋಕ್ ಆಗುತ್ತದೆ, ಪ್ಲಂಬರ್ ಬರುತ್ತಾನೆ. ಹಳೇ ಟ್ಯೂಬ್‌ಲೈಟಿಗೆ ಚೋಕ್ ಇರುತ್ತಿತ್ತು, ಪಟ್ಟಿಯ ಮೇಲೆ ಕೂತು ಗುಂಯ್ ಅನ್ನುತ್ತಿದ್ದ ಆ ಭಾರದ ಡಬ್ಬಿ. ಚಳಿಗಾಲದ ಬೆಳಗ್ಗೆ ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಚೋಕ್ ಎಳಿ ಅಂತಿದ್ದರು ಮನೆಯಲ್ಲಿ. ಟ್ಯೂಬ್‌ಲೈಟಿನ ಚೋಕ್ ಕರೆಂಟನ್ನು ಹಿಡಿದಿಡುತ್ತದೆ, ಕಾರ್ಬ್ಯುರೇಟರಿನ ಚೋಕ್ ಗಾಳಿಯನ್ನು ತಡೆಯುತ್ತದೆ. ಎಲ್ಲ ಕಡೆಯೂ ಹರಿಯುವ ಒಂದು ವಸ್ತು, ಅದಕ್ಕೆ ಇಕ್ಕಟ್ಟಾದ ಒಂದು ಜಾಗ. ಈ ಮಟ್ಟಿಗೆ ನಮಗೆ ಆ ಶಬ್ದದ ಒಳಗುಟ್ಟು ಮೊದಲೇ ಗೊತ್ತು. ತೊಂದರೆ ಬರುವುದು ಹಿಂದೆ ಅಂಟಿಕೊಂಡಿರುವ ಆ ಪುಟಾಣಿ ಅಪ್‌ನಿಂದ.

ಅಪ್ ಬಿಟ್ಟರೆ ಅರ್ಥವೇ ಬೇರೆ. ಊಟ ಮಾಡುತ್ತಾ ಯಾರಾದರೂ ಐ ಆ್ಯಮ್ ಚೋಕಿಂಗ್ ಅಂದರೆ ತುತ್ತು ಶ್ವಾಸನಾಳಕ್ಕೆ ಸಿಕ್ಕಿಕೊಂಡಿದೆ ಅಂತ, ಓಡಿಹೋಗಿ ನೆರವಾಗಬೇಕು. ಅದೇ ಮದುವೆ ಮನೆಯಲ್ಲಿ ಮೈಕ್ ಹಿಡಿದವರು ಐ ಆ್ಯಮ್ ಚೋಕಿಂಗ್ ಅಪ್ ಅಂದರೆ ಸುಮ್ಮನೆ ಕಾಯಬೇಕು, ಅಷ್ಟೇ. ಇಂಟರ್‌ವ್ಯೂ ಮುಗಿಸಿ ಬಂದ ಹುಡುಗ ಐ ಚೋಕ್ಡ್ ಅಂದರೆ ಒತ್ತಡದಲ್ಲಿ ಎಲ್ಲ ಮರೆತುಹೋಗಿ ಕೈಚೆಲ್ಲಿದ ಅಂತ. ಐ ಚೋಕ್ಡ್ ಅಪ್ ಅಂದರೆ, ಅಪ್ಪನ ವಿಷಯವೋ ಊರಿನ ವಿಷಯವೋ ಬಂದು ಗಂಟಲು ಕಟ್ಟಿತು ಅಂತ. ಮೊದಲನೆಯದರಲ್ಲಿ ಕೆಲಸ ಹೋಗಿರುತ್ತದೆ, ಎರಡನೆಯದರಲ್ಲಿ ಹಾಗೇನೂ ಇಲ್ಲ, ಎದುರಿಗೆ ಕೂತವರಿಗೆ ಆ ಹುಡುಗ ಇನ್ನೂ ಇಷ್ಟವಾಗಿರಲೂಬಹುದು. ಎರಡಕ್ಷರದ ಅಪ್ ಇಷ್ಟು ವ್ಯತ್ಯಾಸ ಮಾಡುತ್ತದೆ.

ಫಿಲ್ ಅಪ್, ಡ್ರೈ ಅಪ್, ಸೀಜ್ ಅಪ್ ಅನ್ನುವಾಗ ಬರುವ ಅಪ್ ಇದೇ ಜಾತಿಯದು. ಪೂರ್ತಿ ಆಯಿತು, ಇನ್ನು ಜಾಗವಿಲ್ಲ ಅನ್ನುವ ಭಾವ. ಮಾತಿನಲ್ಲಿ ಇದು ಎರಡು ಮೂರು ರೂಪದಲ್ಲಿ ಬರುತ್ತದೆ. ಹಿ ಚೋಕ್ಡ್ ಅಪ್, ಅಂದರೆ ಅವನಿಗೆ ಗಂಟಲು ಕಟ್ಟಿತು. ಶಿ ಗಾಟ್ ಚೋಕ್ಡ್ ಅಪ್, ಅಂದರೂ ಹೆಚ್ಚುಕಡಿಮೆ ಅದೇ, ಅಮೆರಿಕದವರ ಮಾತಿನಲ್ಲಿ ಇದು ತುಂಬಾ ಕೇಳುತ್ತದೆ. ದ್ಯಾಟ್ ಲೆಟರ್ ಚೋಕ್ಸ್ ಮಿ ಅಪ್ ಅಂದರೆ ಆ ಕಾಗದ ಓದಿದಾಗಲೆಲ್ಲ ನನಗೆ ಹಾಗಾಗುತ್ತದೆ ಅಂತ. ಹಿಂದೆ ವಿತ್ ಇಮೋಷನ್ ಅಂತ ಸೇರಿಸುವುದುಂಟು, ಸೇರಿಸದಿದ್ದರೂ ನಡೆಯುತ್ತದೆ. ಸಿಟ್ಟಿಗೆ ಇದನ್ನು ಬಳಸುವುದು ಕಡಿಮೆ. ಸಿಟ್ಟಿನಿಂದ ಮಾತು ಹೊರಡದಿದ್ದರೆ ಚೋಕ್ಡ್ ವಿತ್ ರೇಜ್ ಅಂತಾರೆ, ಅಲ್ಲಿ ಅಪ್ ಇಲ್ಲ. ಕಣ್ಣೀರನ್ನು ನುಂಗಿಕೊಂಡರೆ ಚೋಕ್ ಬ್ಯಾಕ್. ಬ್ರಿಟನ್ನಿನವರು ಬರೀ ಚೋಕ್ಡ್ ಅಂದರೆ ನಿರಾಸೆಯಾಗಿದೆ, ಬೇಜಾರಾಗಿದೆ ಅಂತ, ಫುಟ್‌ಬಾಲ್ ಸೋತವರ ಬಾಯಲ್ಲಿ ಕೇಳುವ ಮಾತು ಅದು.

ಬೇಸ್‌ಬಾಲಿನಲ್ಲಿ ಇನ್ನೊಂದಿದೆ, ಅದಕ್ಕೂ ಭಾವನೆಗೂ ಸಂಬಂಧವಿಲ್ಲ. ಬ್ಯಾಟನ್ನು ತುದಿಯಿಂದ ಸ್ವಲ್ಪ ಮೇಲೆ ಹಿಡಿಯುವುದಕ್ಕೆ ಚೋಕ್ ಅಪ್ ಆನ್ ದ ಬ್ಯಾಟ್ ಅಂತಾರೆ. ಹೊಡೆತದ ಜೋರು ಕಡಿಮೆಯಾದರೂ ಹಿಡಿತ ಸಿಗುತ್ತದೆ. ಹೀಗೆ ಬ್ಯಾಟ್ ಹಿಡಿಯುವವರ ಆಟದಲ್ಲೇ ಗಂಟಲು ಕಟ್ಟಿದ ಒಂದು ದೊಡ್ಡ ಘಟನೆ ನಡೆದಿದೆ. 1939ರ ಜುಲೈ 4, ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಸತತ 2,130 ಪಂದ್ಯ ಆಡಿದ್ದ ಲೂ ಗೆರಿಗ್‌ಗೆ ವಿದಾಯದ ಸಮಾರಂಭ. ಅವರಿಗೆ ಎಎಲ್‌ಎಸ್ ಅನ್ನುವ ವಾಸಿಯಾಗದ ನರಗಳ ಕಾಯಿಲೆ. ಮೈಕಿನ ಮುಂದೆ ಬರಲು ಅವರಿಗೆ ಆಗಲೇ ಇಲ್ಲ. ಅವರು ಮಾತಾಡುವ ಸ್ಥಿತಿಯಲ್ಲಿಲ್ಲ ಅಂತ ನಿರೂಪಕರು ಜನರಿಗೆ ಹೇಳಿಯೂ ಆಗಿತ್ತು. ಜನ ಬಿಡಲಿಲ್ಲ, ಲೂ ಬೇಕು ಅಂತ ಕೂಗಿದರು. ಆಗ ಮುಂದೆ ಬಂದು ಆಡಿದ ನಾಲ್ಕು ಮಾತು ಇವತ್ತಿಗೂ ಅಮೆರಿಕದವರ ಬಾಯಲ್ಲಿದೆ. ಎರಡು ವರ್ಷದೊಳಗೆ, 1941ರ ಜೂನ್ 2ರಂದು, ತೀರಿಕೊಂಡರು.

ಅತ್ತರೋ, ಗಂಟಲು ಕಟ್ಟಿತೋ ಅನ್ನುವ ಪ್ರಶ್ನೆ ಸುಮ್ನೆ ವ್ಯಾಕರಣದವರ ತಲೆಬಿಸಿ ಅಂದುಕೊಳ್ಳುವವರಿಗೆ ನಾನು ನ್ಯೂ ಹ್ಯಾಂಪ್‌ಶೈರಿನ ಕಥೆ ಹೇಳುತ್ತೇನೆ. ಅಮೆರಿಕದ ಈಶಾನ್ಯ ಮೂಲೆಯ ಚಿಕ್ಕ ರಾಜ್ಯ ಅದು. ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವಾಗ ಮೊದಲ ಪ್ರೈಮರಿ, ಅಂದರೆ ಅದಕ್ಕಾಗಿ ರಾಜ್ಯ ರಾಜ್ಯದಲ್ಲಿ ನಡೆಯುವ ಮತದಾನ, ಅಲ್ಲಿ ನಡೆಯುವುದು ವಾಡಿಕೆ. 1972ರಲ್ಲಿ ಡೆಮಾಕ್ರಟಿಕ್ ಪಕ್ಷದಲ್ಲಿ ಎಲ್ಲರಿಗಿಂತ ಮುಂದಿದ್ದವರು ಮೇನ್ ರಾಜ್ಯದ ಸೆನೆಟರ್ ಎಡ್ಮಂಡ್ ಮಸ್ಕಿ. 1968ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು, ಎತ್ತರದ ಆಳು, ಗಟ್ಟಿ ಮನುಷ್ಯ ಅಂತ ಹೆಸರು. ಮ್ಯಾಂಚೆಸ್ಟರ್ ಊರಿನ ಯೂನಿಯನ್ ಲೀಡರ್ ಅನ್ನುವ ಪತ್ರಿಕೆ, ಅದರ ಪ್ರಕಾಶಕ ವಿಲಿಯಂ ಲೋಬ್, ಮಸ್ಕಿಯ ಮೇಲೆ ಬಿದ್ದಿದ್ದರು. ಫ್ರೆಂಚ್ ಕೆನಡಾ ಮೂಲದವರನ್ನು ಮಸ್ಕಿ ಹೀಯಾಳಿಸಿದರು ಅಂತ ಹೇಳುವ ಒಂದು ಕಾಗದ ಅಚ್ಚಾಯಿತು. ಆ ರಾಜ್ಯದಲ್ಲಿ ಅವರ ಸಂಖ್ಯೆ ಜಾಸ್ತಿ. ಆ ಕಾಗದ ನಕಲಿ, ಆಗಿನ ಅಧ್ಯಕ್ಷ ನಿಕ್ಸನ್ ಕಡೆಯವರ ಕುತಂತ್ರಗಳಲ್ಲಿ ಅದೂ ಒಂದು ಅಂತ ಆಮೇಲೆ ಹೊರಬಂತು. ಜೊತೆಗೆ ಮಸ್ಕಿಯ ಹೆಂಡತಿ ಜೇನ್ ಬಗ್ಗೆಯೂ ಕೊಂಕು ಬರಹ ಬಂತು.

ಫೆಬ್ರವರಿ 26, ಶನಿವಾರ. ಮಸ್ಕಿ ಸೀದಾ ಆ ಪತ್ರಿಕೆಯ ಕಚೇರಿ ಎದುರಿಗೇ ಹೋಗಿ, ಲಾರಿಯ ಮೇಲೆ ನಿಂತು ಮಾತಾಡಿದರು. ಹಿಮ ಬೀಳುತ್ತಿತ್ತು. ಲೋಬ್‌ರನ್ನು ಹೇಡಿ ಅಂದರು. ಹೆಂಡತಿಯ ಮಾತು ಬಂದಾಗ ಮಾತು ನಿಂತಿತು. ಮತ್ತೆ ಶುರುಮಾಡಿದರು, ಮತ್ತೆ ನಿಂತಿತು. ಮುಖದ ಮೇಲೆ ನೀರು. ವಾಷಿಂಗ್ಟನ್ ಪೋಸ್ಟ್‌ನ ಡೇವಿಡ್ ಬ್ರೋಡರ್ ಅದನ್ನು ಕಣ್ಣೀರು ಹರಿಯುತ್ತಿತ್ತು ಅಂತ ವರದಿ ಮಾಡಿದರು. ಬೇರೆ ಪತ್ರಿಕೆಗಳೂ ಟಿವಿಯೂ ಹಿಂದೆಯೇ ಬಂದವು. ಅದು ಕರಗಿದ ಹಿಮ ಅಂತ ಮಸ್ಕಿ ಕಡೆಯವರು ಹೇಳಿದರು. ಯಾರು ಕೇಳುತ್ತಾರೆ? ಮಾರ್ಚ್ 7ರ ಪ್ರೈಮರಿಯಲ್ಲಿ ಮಸ್ಕಿ ಗೆದ್ದರು, ಸುಮಾರು 46 ಶೇಕಡಾ, ಎರಡನೆಯವರಾದ ಜಾರ್ಜ್ ಮೆಕ್‌ಗವರ್ನ್‌ಗೆ 37. ಆದರೆ ಪಕ್ಕದ ರಾಜ್ಯದವರು ಇಷ್ಟು ಕಡಿಮೆ ಅಂತರದಲ್ಲಿ ಗೆದ್ದದ್ದು ಸೋಲಿನ ಸಮ ಅಂತ ಎಲ್ಲರೂ ತೀರ್ಮಾನಿಸಿದರು. ಕೆಲವೇ ವಾರದಲ್ಲಿ ಅವರ ಓಟ ನಿಂತಿತು. ಆ ಹಿಮದ ದಿನ ಜನರ ಮನಸ್ಸಿನಲ್ಲಿ ತಾನು ದುರ್ಬಲ ಅನ್ನುವ ಚಿತ್ರ ಕೂತುಬಿಟ್ಟಿತು ಅಂತ ಮಸ್ಕಿ ಆಮೇಲೆ ಹೇಳಿಕೊಂಡರು.

ಬ್ರೋಡರ್‌ಗೂ ಅದು ನೆಮ್ಮದಿ ಕೊಡಲಿಲ್ಲ. 1987ರಲ್ಲಿ, ಹದಿನೈದು ವರ್ಷದ ಮೇಲೆ, ಆ ವರದಿ ತನ್ನನ್ನು ಇನ್ನೂ ಕಾಡುತ್ತಿದೆ ಅಂತ ಅವರೇ ಒಂದು ಲೇಖನ ಬರೆದರು. ಈ ಕೆಲಸದಲ್ಲಿರುವ ನನಗೆ ಆ ಲೇಖನದ ಬಗ್ಗೆ ತುಂಬಾ ಗೌರವವಿದೆ. ಕೆನ್ನೆಯ ಮೇಲಿನ ನೀರು ಹಿಮದ್ದೋ ಕಣ್ಣಿನದ್ದೋ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ನನ್ನ ಪ್ರಕಾರ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಹೆಂಡತಿಯನ್ನು ಅವಮಾನ ಮಾಡಿದವರ ಬಾಗಿಲಿಗೇ ಹೋಗಿ ನಿಂತ ಒಬ್ಬ ಗಂಡ, ಮಾತು ನಿಂತರೂ ಮತ್ತೆ ಮತ್ತೆ ಶುರುಮಾಡಿದ, ಅಲ್ವಾ? ಅದಕ್ಕೆ ಚೋಕ್ಡ್ ಅಪ್ ಅನ್ನುವ ಸರಿಯಾದ ಮಾತು ಅವರ ಭಾಷೆಯಲ್ಲೇ ಇತ್ತು. ಜನರ ನೆನಪಿನಲ್ಲಿ ಉಳಿದದ್ದು ಅತ್ತ ಅನ್ನುವುದು ಮಾತ್ರ.

ಅದೇ 1987ರ ಸೆಪ್ಟೆಂಬರ್ 28ರಂದು ಡೆನ್ವರ್‌ನಲ್ಲಿ ಪ್ಯಾಟ್ ಶ್ರೋಡರ್ ಅನ್ನುವ ಸಂಸದೆ ತಾನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಿಲ್ಲ ಅಂತ ಘೋಷಿಸುವಾಗ ಅತ್ತರು, ಗಂಡನ ಹೆಗಲಿಗೆ ತಲೆಯಿಟ್ಟರು. ಹೆಂಗಸರಿಗೆ ಈ ಹುದ್ದೆ ಆಗಿಬರುವುದಿಲ್ಲ ಅನ್ನುವವರಿಗೆ ಅಷ್ಟು ಸಾಕಾಯಿತು. ಆಮೇಲೆ ಅವರೊಂದು ಫೈಲ್ ಇಟ್ಟುಕೊಂಡರು. ಯಾವ ಯಾವ ದೊಡ್ಡ ರಾಜಕಾರಣಿ ಎಲ್ಲೆಲ್ಲಿ ಅತ್ತ ಅನ್ನುವ ಪತ್ರಿಕೆಯ ತುಣುಕುಗಳ ಫೈಲ್. ಅದರಲ್ಲಿ ಗಂಡಸರು ಬೇಕಾದಷ್ಟಿದ್ದರು.

ಮತ್ತೆ ನ್ಯೂ ಹ್ಯಾಂಪ್‌ಶೈರಿಗೇ ಬರೋಣ. 2008ರ ಜನವರಿ 7, ಪೋರ್ಟ್ಸ್‌ಮತ್ ಊರಿನ ಒಂದು ಕಾಫಿ ಅಂಗಡಿ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ನಿಂತಿದ್ದ ಹಿಲರಿ ಕ್ಲಿಂಟನ್ ನಾಲ್ಕು ದಿನದ ಹಿಂದಷ್ಟೇ ಅಯೋವಾ ರಾಜ್ಯದಲ್ಲಿ ಮೂರನೇ ಸ್ಥಾನಕ್ಕೆ ಇಳಿದಿದ್ದರು. ಮರುದಿನದ ಪ್ರೈಮರಿಯಲ್ಲೂ ಒಬಾಮಾ ಗೆಲ್ಲುತ್ತಾರೆ ಅಂತ ಸಮೀಕ್ಷೆಗಳು ಹೇಳುತ್ತಿದ್ದವು. ಮೇಜಿನ ಸುತ್ತ ಕೂತವರಲ್ಲಿ ಒಬ್ಬ ಹೆಂಗಸು, ಇದನ್ನೆಲ್ಲ ಹೇಗೆ ನಿಭಾಯಿಸುತ್ತೀರಿ ಅಂತ ಕೇಳಿದರು. ರಾಜಕೀಯದ ಪ್ರಶ್ನೆಯಲ್ಲ, ನೆರೆಮನೆಯವರು ಕೇಳುವಂಥ ಪ್ರಶ್ನೆ. ಸುಲಭ ಅಲ್ಲ ಅಂತ ಶುರುಮಾಡಿದ ಕ್ಲಿಂಟನ್‌ಗೆ ಮುಂದೆ ಹೋಗುತ್ತಾ ಹೋಗುತ್ತಾ ದನಿ ಸಣ್ಣದಾಯಿತು, ಗಂಟಲು ಕಟ್ಟಿತು, ಕಣ್ಣು ತೇವವಾಯಿತು. ಈ ದೇಶ ನನಗೆ ಎಷ್ಟೊಂದು ಕೊಟ್ಟಿದೆ, ಅದು ಹಿಂದೆ ಬೀಳುವುದನ್ನು ನೋಡಲಾರೆ ಅನ್ನುವ ಅರ್ಥದ ಮಾತು. ಕೆನ್ನೆಗೆ ಇಳಿಯುವ ಕಣ್ಣೀರು ಬರಲಿಲ್ಲ. ಮಾತು ಮುಗಿಸಿದರು. ಅವತ್ತಿಡೀ ಟಿವಿಯಲ್ಲಿ ಅದೇ ತುಣುಕು. ಮಸ್ಕಿಯ ಹೆಸರನ್ನು ಎತ್ತಿದವರೂ ಇದ್ದರು. ಮರುದಿನ ಕ್ಲಿಂಟನ್ 39 ಶೇಕಡಾ ಮತ ಪಡೆದು ಗೆದ್ದರು, ಒಬಾಮಾಗೆ 36. ಗಂಟಲು ಕಟ್ಟಿದ್ದಕ್ಕೇ ಗೆದ್ದರು ಅಂತ ನಾನು ಹೇಳಲಾರೆ, ಚುನಾವಣೆಗೆ ನೂರು ಕಾರಣ ಇರುತ್ತವೆ. ಆದರೆ ಈ ಸಲ ಯೂಟ್ಯೂಬ್ ಇತ್ತು, ಜನ ವರದಿ ಓದಿ ಸುಮ್ಮನಾಗಲಿಲ್ಲ, ತಾವೇ ಕೇಳಿದರು. ಅದರಿಂದ ವ್ಯತ್ಯಾಸ ಆಗಿದೆ ಅಂತ ನನ್ನ ನಂಬಿಕೆ.

ಚೋಕ್ ಅಪ್‌ಗೆ ಒಂದೇ ಉದಾಹರಣೆ ಕೊಡಿ ಅಂದರೆ ನಾನು ಬ್ರಿಟನ್ನಿನ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರ ರಾಜೀನಾಮೆ ಭಾಷಣ ತೋರಿಸುತ್ತೇನೆ. 2019ರ ಮೇ 24, ಡೌನಿಂಗ್ ಸ್ಟ್ರೀಟ್. ಇಡೀ ಭಾಷಣ ಒಂದೇ ಸಮನಾಗಿ, ಗಟ್ಟಿಯಾಗಿ ನಡೆಯಿತು. ನಾನು ಪ್ರೀತಿಸುವ ದೇಶ ಅನ್ನುವ ಕೊನೆಯ ಮಾತಿಗೆ ಬರುವಷ್ಟರಲ್ಲಿ ದನಿ ಒಡೆಯಿತು. ಒಡೆದ ದನಿಯಲ್ಲೇ ಆ ವಾಕ್ಯ ಮುಗಿಸಿ, ತಕ್ಷಣ ತಿರುಗಿ ಒಳಗೆ ನಡೆದರು. ಅವರ ರಾಜಕೀಯ ಒಪ್ಪುವವರೂ ಒಪ್ಪದವರೂ ಆ ಕೊನೆಯ ಕ್ಷಣಗಳನ್ನು ನೋಡಿದರೆ ಅರ್ಥ ಆಗುತ್ತದೆ, ವಾಕ್ಯ ಮುಗಿಸಿದ್ದು ಎಷ್ಟು ಕಷ್ಟದ ಕೆಲಸ ಅಂತ.

ಇದೆಲ್ಲ ಹೇಳಿದೆ ಅಂತ ಬ್ರೇಕ್ ಡೌನ್ ಕೀಳು ಅಂತ ಯಾರೂ ತಿಳಿಯಬಾರದು. ತಡೆಯಲಾಗದೆ ಅತ್ತವರನ್ನು ಅತ್ತರು ಅಂತಲೇ ಬರೆಯಬೇಕು. 2009ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ನಡಾಲ್ ಎದುರು ಐದು ಸೆಟ್ ಆಡಿ ಸೋತ ಫೆಡರರ್ ಮೈಕ್ ಮುಂದೆ ಒಂದೆರಡು ಮಾತು ಆಡಿ, ಇದು ಕೊಲ್ಲುತ್ತಿದೆ ಅಂದವರೇ ಪಕ್ಕಕ್ಕೆ ಸರಿದು ಅತ್ತುಬಿಟ್ಟರು. ಅದು ಬ್ರೇಕ್ ಡೌನ್. ಆಮೇಲೆ ವಾಪಸ್ ಬಂದು ಮಾತು ಮುಗಿಸಿದ್ದು ಬೇರೆ ವಿಷಯ. ನಮ್ಮ ಬೆಂಗಳೂರಿನಲ್ಲೇ 2019ರ ಸೆಪ್ಟೆಂಬರ್ 7ರ ಬೆಳಗ್ಗೆ ನಡೆದದ್ದು ಎಲ್ಲರಿಗೂ ನೆನಪಿದೆ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನಿಂದ 2.1 ಕಿಲೋಮೀಟರ್ ಎತ್ತರದವರೆಗೆ ಸರಿಯಾಗಿಯೇ ಇಳಿದು ಸಂಪರ್ಕ ಕಳೆದುಕೊಂಡಿತ್ತು. ರಾತ್ರಿಯಿಡೀ ನಿದ್ದೆಯಿಲ್ಲದೆ ನಿಂತಿದ್ದ ಇಸ್ರೋ ಅಧ್ಯಕ್ಷ ಕೆ. ಶಿವನ್, ಪ್ರಧಾನಿ ಮೋದಿ ಹೊರಡುವಾಗ ಅತ್ತರು, ಮೋದಿ ಅಪ್ಪಿಕೊಂಡು ಬೆನ್ನು ಸವರಿದರು. ಇಂಗ್ಲಿಷ್ ಪತ್ರಿಕೆಗಳು ಬ್ರೇಕ್ಸ್ ಡೌನ್ ಅಂತ ಬರೆದವು. ಸರಿಯಾಗಿಯೇ ಬರೆದವು. ಆ ಬೆಳಗ್ಗೆ ಅವರ ಜೊತೆ ಅತ್ತ ಮನೆಗಳು ಈ ಊರಿನಲ್ಲಿ ಎಷ್ಟಿದ್ದವೋ.

ನಮ್ಮ ಕನ್ನಡ ಪತ್ರಿಕೆಗಳ ಬಗ್ಗೆ ಒಂದು ಮಾತು. ನಮ್ಮಲ್ಲಿ ಶಬ್ದಗಳಿಗೆ ಬರವಿಲ್ಲ. ಗದ್ಗದಿತರಾದರು, ಗಂಟಲು ಕಟ್ಟಿತು, ಕಣ್ಣು ತುಂಬಿಕೊಂಡರು, ಕಣ್ಣೀರಿಟ್ಟರು, ದುಃಖ ಉಮ್ಮಳಿಸಿ ಬಂತು, ಬಿಕ್ಕಿ ಬಿಕ್ಕಿ ಅತ್ತರು. ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಇದೆ. ಆದರೂ ಟಿವಿಯ ಕೆಳಗಡೆ ಓಡುವ ಅಕ್ಷರಗಳಲ್ಲಿ ಎರಡೇ ಕಾಣುತ್ತವೆ. ಏನೂ ಆಗದಿದ್ದರೆ ಭಾವುಕರಾದರು, ಏನಾದರೂ ಆದರೆ ಕಣ್ಣೀರಿಟ್ಟರು. ನಡುವಿನ ಮೆಟ್ಟಿಲು ಖಾಲಿ.

2018ರ ಜುಲೈನಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಬೆಂಗಳೂರಿನ ತಮ್ಮ ಪಕ್ಷದ ಸಭೆಯಲ್ಲಿ ಕಣ್ಣೀರು ಹಾಕಿದರು. ಸಮ್ಮಿಶ್ರ ಸರ್ಕಾರದ ನೋವನ್ನು ವಿಷಕಂಠನ ಹಾಗೆ ನುಂಗಿಕೊಂಡಿದ್ದೇನೆ ಅಂದರು. ರಾಜ್ಯವಿಡೀ ಮಾತಾಡಿದ್ದು ಕಣ್ಣೀರಿನ ಬಗ್ಗೆ. ನಾನು ಮಾತ್ರ ಆ ವಿಷಕಂಠ ಅನ್ನುವ ಶಬ್ದದಲ್ಲೇ ನಿಂತುಬಿಟ್ಟೆ. ನಂಜನಗೂಡಿಗೆ ವರ್ಷಕ್ಕೊಮ್ಮೆಯಾದರೂ ಹೋಗಿಬರುವ ಮನೆತನ ನಮ್ಮದು. ನಂಜುಂಡೇಶ್ವರ ಅಂದರೆ ನಂಜು ಉಂಡವನು. ಉಗುಳಿದರೆ ಲೋಕಕ್ಕೆ ಕೇಡು, ಒಳಗಿಳಿದರೆ ಹೊಟ್ಟೆಗೆ ಕೇಡು. ಗಂಟಲಲ್ಲೇ ನಿಲ್ಲಿಸಿಕೊಂಡ, ಅದಕ್ಕೇ ನೀಲಕಂಠ. ಮೈಸೂರು ಕಡೆಯವರು ಮಕ್ಕಳಿಗೆ ನಂಜುಂಡ, ನಂಜಮ್ಮ ಅಂತ ಹೆಸರಿಡುತ್ತಾ ಬಂದದ್ದು ಈ ದೇವರ ಮೇಲಿನ ಭಕ್ತಿಗೆ. ಗಂಟಲಲ್ಲಿ ತಡೆದಿಟ್ಟುಕೊಂಡದ್ದಕ್ಕೆ ಕೈಮುಗಿಯುವ ಜನ ನಾವು. ಟಿವಿಯಲ್ಲಿ ಯಾರಿಗಾದರೂ ಗಂಟಲು ಕಟ್ಟಿದರೆ ಮಾತ್ರ ಅದನ್ನು ಗುರುತಿಸುವುದಿಲ್ಲ, ಸೀದಾ ಕಣ್ಣೀರಿಗೆ ಹೋಗುತ್ತೇವೆ. ಇದು ನನಗೆ ಬೇಜಾರು ತರುವ ವಿಷಯ.

ಹೋದ ವರ್ಷಗಳಲ್ಲಿ ಸಬ್‌ಟೈಟಲ್ ಮಾಡಿದ ಎಷ್ಟೋ ಸಂದರ್ಶನಗಳಲ್ಲಿ ಒಂದು ನನಗೆ ಬಹಳ ಹತ್ತಿರದ್ದು. ಕರಾವಳಿಯಿಂದ ಇಂಗ್ಲೆಂಡಿಗೆ ಹೋಗಿ ಅಲ್ಲೇ ನರ್ಸ್ ಆಗಿ ನಿವೃತ್ತರಾದ ಒಬ್ಬ ಅಮ್ಮ. ಇಂಗ್ಲಿಷಿನಲ್ಲಿ ಆರಾಮಾಗಿ ಮಾತಾಡುತ್ತಾ ಇದ್ದರು, ಆಸ್ಪತ್ರೆಯ ರಾತ್ರಿ ಪಾಳಿ, ಚಳಿ, ಮೊದಲ ಸಂಬಳ. ಹೊರಟ ದಿನ ಮನೆಯಲ್ಲಿ ಯಾರು ಏನಂದರು ಅಂತ ಸಂದರ್ಶಕಿ ಕೇಳಿದಳು. ತಂದೆ ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದರು ಅಂತ ಶುರುಮಾಡಿದವರು ಅಲ್ಲೇ ನಿಂತರು. ಸಾರಿ ಮಗಾ, ಐ ಆ್ಯಮ್ ಚೋಕಿಂಗ್ ಅಪ್ ಅಂದರು. ಮಗಾ ಅನ್ನುವುದು ಹೇಗೋ ಕನ್ನಡದಲ್ಲೇ ಬಂತು. ಲೋಟ ತೆಗೆದು ಒಂದು ಗುಟುಕು ನೀರು ಕುಡಿದರು. ಆಮೇಲೆ ಹೇಳಿದರು, ಅಪ್ಪ ಏನೂ ಅನ್ನಲಿಲ್ಲ, ಟಿಕೆಟ್ ಚೀಲದಲ್ಲಿದೆಯಾ ಅಂತ ನೋಡು ಅಂತ ಮಾತ್ರ ಅಂದರು ಅಂತ. ಕಣ್ಣಲ್ಲಿ ಒಂದು ಹನಿ ಇಲ್ಲ. ನಮ್ಮ ತಂಡದಲ್ಲಿ ಆ ಜಾಗಕ್ಕೆ ಅಳು ಅಂತ ಹಾಕಬೇಕೋ ಬೇಡವೋ ಅಂತ ಸಣ್ಣ ಚರ್ಚೆಯೇ ಆಯಿತು. ನಾನು ಗಂಟಲು ಕಟ್ಟಿದೆ ಅಂತ ಬರೆದೆ, ನೀರು ಕುಡಿದ ಸದ್ದನ್ನೂ ಬರೆದೆ, ಅದನ್ನೇ ಉಳಿಸಿಕೊಂಡೆ. ಆ ಅಮ್ಮ ಅತ್ತಿರಲಿಲ್ಲ. ಅಪ್ಪನ ಆ ಒಂದು ಮಾತನ್ನು ನಮ್ಮವರೆಗೂ ತಲುಪಿಸಲೇಬೇಕು ಅಂತ ಅಳುವನ್ನು ತಡೆದಿದ್ದರು.

ಕ್ರಿಕೆಟ್ ನೋಡುವವರಿಗೆ ಚೋಕ್ ಅಂದ ತಕ್ಷಣ ನೆನಪಾಗುವುದು ದಕ್ಷಿಣ ಆಫ್ರಿಕಾ, ಅಲ್ವಾ? 1999ರ ವಿಶ್ವಕಪ್ ಸೆಮಿಫೈನಲ್, ಎಜ್‌ಬಾಸ್ಟನ್, ಎದುರಾಳಿ ಆಸ್ಟ್ರೇಲಿಯಾ. ಇಬ್ಬರದ್ದೂ 213. ಕೊನೆಯ ಓವರಿನ ಮೊದಲ ಎರಡು ಚೆಂಡಿಗೆ ಲ್ಯಾನ್ಸ್ ಕ್ಲೂಸ್ನರ್ ಎರಡು ಬೌಂಡರಿ ಹೊಡೆದು ಸ್ಕೋರ್ ಸಮ ಮಾಡಿದ್ದರು. ಒಂದು ರನ್ ಬೇಕಿತ್ತು. ನಾಲ್ಕನೇ ಚೆಂಡಿಗೆ ಕ್ಲೂಸ್ನರ್ ಓಡಿದರು, ಆಲನ್ ಡೊನಾಲ್ಡ್ ತಕ್ಷಣ ಓಡಲಿಲ್ಲ, ರನ್‌ಔಟ್. ಪಂದ್ಯ ಟೈ ಆದರೂ ಅದಕ್ಕೂ ಹಿಂದಿನ ಸುತ್ತಾದ ಸೂಪರ್ ಸಿಕ್ಸ್ ಪಟ್ಟಿಯಲ್ಲಿ ಮೇಲಿದ್ದ ಆಸ್ಟ್ರೇಲಿಯಾ ಫೈನಲ್‌ಗೆ ಹೋಯಿತು. ಚೋಕರ್ಸ್ ಅನ್ನುವ ಹಣೆಪಟ್ಟಿ ಆ ತಂಡಕ್ಕೆ ಅಂಟಿಕೊಂಡು ಕಾಲು ಶತಮಾನ ಬಿಡಲಿಲ್ಲ. ಒತ್ತಡದಲ್ಲಿ ಕೈಚೆಲ್ಲುವವರು ಅಂತ ಅರ್ಥ. ಅಪ್ ಇಲ್ಲದ ಚೋಕ್.

2025ರ ಜೂನ್ 14, ಲಾರ್ಡ್ಸ್, ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್, ಎದುರಿಗೆ ಅದೇ ಆಸ್ಟ್ರೇಲಿಯಾ. ಗುರಿ 282. ಏಯ್ಡನ್ ಮಾರ್ಕ್ರಂ 136 ಹೊಡೆದರು, ಕಾಲು ನೋವಿನಲ್ಲೇ ನಾಯಕ ತೆಂಬಾ ಬವುಮಾ ಜೊತೆಗೆ ನಿಂತರು, ಐದು ವಿಕೆಟ್‌ಗಳ ಗೆಲುವು. ಅವತ್ತು ಬೆಳಗ್ಗೆಯೂ ಮೈದಾನದಲ್ಲಿ ಎದುರಾಳಿಗಳ ಬಾಯಿಂದ ಆ ಚೋಕ್ ಶಬ್ದ ಕೇಳಿಬಂತು ಅಂತ ಬವುಮಾ ಆಮೇಲೆ ಹೇಳಿದರು. ಪಂದ್ಯ ಮುಗಿದ ಮೇಲೆ ಸ್ಪಿನ್ನರ್ ಕೇಶವ್ ಮಹಾರಾಜ್ ಟಿವಿ ಮೈಕಿನ ಮುಂದೆ ಬಂದರು. ಮೈಕ್ ಹಿಡಿದವರು ಗ್ರೇಮ್ ಸ್ಮಿತ್, ಅದೇ ತಂಡದ ಹಳೇ ನಾಯಕ, ಆ ಹಣೆಪಟ್ಟಿಯನ್ನು ತಾವೂ ವರ್ಷಗಟ್ಟಲೆ ಹೊತ್ತವರು. ಮಹಾರಾಜ್ ದನಿ ನಡುಗಿತು, ಮಾತು ತಡೆತಡೆದು ಬಂತು, ಕಣ್ಣೂ ತುಂಬಿತು. ತಂಡದ ಬಗ್ಗೆ, ಹಿಂದೆ ಆಡಿಹೋದವರ ಬಗ್ಗೆ ಹೇಳಬೇಕಾದದ್ದು ಅವರಿಗೆ ಅಷ್ಟಿತ್ತು.

ಹೆಚ್ಚಿನ ಸುದ್ದಿಗಳಲ್ಲಿ ಅದು ಬ್ರೇಕ್ಸ್ ಡೌನ್ ಅಂತಲೇ ಬಂತು. ನಾನು ಆ ತುಣುಕನ್ನು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದ್ದೇನೆ. ಕಣ್ಣೀರು ಇದೆ, ಒಪ್ಪುತ್ತೇನೆ. ಆದರೆ ಮಾತು ನಿಂತ ಪ್ರತಿಸಲ ಮತ್ತೆ ಶುರುವಾಗುತ್ತದೆ. ನನ್ನ ಕೈಗೆ ಆ ವಿಡಿಯೊ ಬಂದಿದ್ದರೆ ನಾನು ಚೋಕ್ಸ್ ಅಪ್ ಅಂತಲೇ ಬರೆಯುತ್ತಿದ್ದೆ. ಚೋಕ್ ಅಂತ ಇಷ್ಟು ವರ್ಷ ಅನ್ನಿಸಿಕೊಂಡ ತಂಡದವರಿಗೆ ಆ ಅಪ್ ಸಲ್ಲಬೇಕು.